ಹೊಡೆತ ತಿಂದವಳಿಗೆ ಏನು ಸಿಕ್ಕಿತು?

ಅಕ್ಕೋರೇ,

ನಿಮ್ಮ ನಾಲ್ಕು ಪುಟದ ಪತ್ರ ತಲುಪಿತು. ಧಾರವಾಡದ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವರು ನೀವು. ಹೀಗೆ ಕರೆದರೆ ಬೇಸರ ಇಲ್ಲ ಅಲ್ವಾ? ಹೋದ ಸಂಚಿಕೆಯಲ್ಲಿ, ಹೆಂಗಸರ ಮೇಲಿನ ಹಿಂಸೆಯನ್ನು ಕಲೆಯ ವಸ್ತುವಾಗಿಸಿದ ಅಮೆರಿಕದ ಕಲಾವಿದೆ ಸುಝಾನ್ ಲೇಸಿ ಬಗ್ಗೆ ಬರೆದಿದ್ದೆವು. ಅದನ್ನು ಓದಿ ಕೇಳಿದ್ದೀರಿ: ‘ಮುದುಕಿಯರನ್ನು ಸಾಲಾಗಿ ಕೂರಿಸಿದರೆ ಅದು ಕಲೆಯಾ? ಹೊಡೆತ ತಿಂದವಳಿಗೆ ಇದರಿಂದ ಏನು ಸಿಕ್ಕಿತು?’

ಮೊದಲು ಒಂದು ತಪ್ಪೊಪ್ಪಿಗೆ. ಆ ಲೇಖನಕ್ಕೆ ‘ಗಾಯ ಮಾಯಿಸುವ ಕಲೆ’ ಎಂದು ತಲೆಬರಹ ಕೊಟ್ಟವನು ನಾನೇ. ಸುಮ್ನೆ ಚೆಂದಕ್ಕೆ ಇಟ್ಟ ಮಾತು ಅದು. ನೀವು ಹಿಡಿದಿರಿ.

1977ರ ಮೇ ತಿಂಗಳಲ್ಲಿ ಲೇಸಿ ಲಾಸ್ ಏಂಜಲೀಸ್‌ನಲ್ಲಿ ಮಾಡಿದ ಕೆಲಸದಲ್ಲಿ ಮಾಯಿಸುವ ಮಾತೇ ಇರಲಿಲ್ಲ. ಊರಿನ ದೊಡ್ಡ ಹಳದಿ ನಕ್ಷೆ. ಪೊಲೀಸರಲ್ಲಿ ದಾಖಲಾದ ಅತ್ಯಾಚಾರಗಳ ವಿವರ ದಿನಾ ತರುವುದು, ಆಯಾ ಜಾಗದ ಮೇಲೆ ಕೆಂಪು ಮುದ್ರೆ ಒತ್ತುವುದು. ಒಂದೊಂದರ ಸುತ್ತ ಒಂಬತ್ತು ಮಸುಕು ಮುದ್ರೆ. ಅವು ದೂರು ಕೊಡದೆ ಉಳಿದವರ ಲೆಕ್ಕ. ನಕ್ಷೆ ತೂಗುಹಾಕಿದ್ದು ಗ್ಯಾಲರಿಯಲ್ಲಲ್ಲ, ಸಿಟಿ ಹಾಲ್ ಹತ್ತಿರದ ಮಾಲ್‌ನಲ್ಲಿ. ಅಂಗಡಿಗೆ ಬಂದವರು ತಮ್ಮ ಬೀದಿ ಎಲ್ಲಿದೆ ಎಂದು ಹುಡುಕಬಹುದಿತ್ತು. ನನಗೆ ಆ ಒಂಬತ್ತು ಮಸುಕು ಮುದ್ರೆಗಳೇ ಜಾಸ್ತಿ ಕಾಡುತ್ತವೆ.

ಇನ್ನು ನಿಮಗೆ ಸಿಟ್ಟು ಬರಿಸಿದ ಮುದುಕಿಯರ ಸಾಲು. 1987ರ ಮೇ 10, ಅಲ್ಲಿ ಅದು ತಾಯಂದಿರ ದಿನ. ಮಿನಿಯಾಪೊಲಿಸ್‌ನ ಗಾಜಿನ ಮಾಡಿನ ದೊಡ್ಡ ಅಂಗಳದಲ್ಲಿ ಅರುವತ್ತು ದಾಟಿದ 430 ಹೆಂಗಸರು ಬಂದು ಕೂತರು. ಎಲ್ಲರದೂ ಕಪ್ಪು ಬಟ್ಟೆ. ಮೇಜಿನ ಕಪ್ಪು ಹೊದಿಕೆ ಬಿಡಿಸಿದರೆ ಒಳಗೆ ಕೆಂಪು, ಹಳದಿ. ಮೇಲಿನ ಮಹಡಿಯಿಂದ ನೋಡಿದವರಿಗೆ ಅದು ಹಾಸಿದ ಕೌದಿ ಹಾಗೆ ಕಂಡಿತು. ಕೆಲಸದ ಹೆಸರೂ ‘ಕ್ರಿಸ್ಟಲ್ ಕ್ವಿಲ್ಟ್’, ಅಂದರೆ ಕೌದಿಯೇ.

ಆದರೆ ಅವರು ಗೊಂಬೆಗಳ ಹಾಗೆ ಕೂತಿರಲಿಲ್ಲ, ಅಕ್ಕೋರೇ. ಒಂದೊಂದು ಮೇಜಿಗೆ ನಾಲ್ವರು. ವಯಸ್ಸಾಗುವುದು ಅಂದರೇನು, ಮಾಡಿದ್ದೇನು, ಮಾಡಲಾಗದೆ ಉಳಿದದ್ದೇನು ಎಂದು ಮಾತಾಡಿದರು. ಆಗಾಗ ಒಂದು ನೀರುಹಕ್ಕಿಯ ಕೂಗು ಕೇಳಿಸುತ್ತಿತ್ತು. ಅದು ಸನ್ನೆ. ಕೇಳಿದೊಡನೆ ಎಲ್ಲರೂ ಮೇಜಿನ ಮೇಲೆ ಕೈ ಇಟ್ಟ ರೀತಿ ಬದಲಿಸುತ್ತಿದ್ದರು. ಮೇಲಿದ್ದವರಿಗೆ ಕೌದಿಯ ಚಿತ್ತಾರವೇ ಬದಲಾದ ಹಾಗೆ. ವಯಸ್ಸಾದ ಹೆಂಗಸಿನ ಕೈಯನ್ನು ನಾವು ಯಾವಾಗ ನೋಡುತ್ತೇವೆ? ತಟ್ಟೆ ಮುಂದೆ ಬಂದಾಗ ಮಾತ್ರ.

ಬೆಂಗಳೂರಿನ ಒಂದು ಕೆಲಸವನ್ನೂ ಹೇಳಬೇಕು. ಜಸ್ಮೀನ್ ಪಥೇಜಾ 2003ರಲ್ಲಿ ವಿದ್ಯಾರ್ಥಿನಿಯಾಗಿದ್ದಾಗ ಬೀದಿ ಕಿರುಕುಳದ ವಿರುದ್ಧ ‘ಬ್ಲ್ಯಾಂಕ್ ನಾಯ್ಸ್’ ಎಂಬ ಕಲಾ ಯೋಜನೆ ಶುರು ಮಾಡಿದರು. ಕಿರುಕುಳ ಆದ ದಿನ ತೊಟ್ಟಿದ್ದ ಬಟ್ಟೆಯನ್ನು ತಂದುಕೊಡಿ ಎಂದು ಹೆಂಗಸರನ್ನು ಕೇಳಿದರು. ಬಂದದ್ದೆಲ್ಲ ದಿನನಿತ್ಯದ ಉಡುಪು. ‘ಎಂಥ ಬಟ್ಟೆ ಹಾಕಿದ್ದಳೋ’ ಎನ್ನುವವರು ಅದರ ಮುಂದೆ ನಿಂತು ಏನು ಹೇಳಿಯಾರು?

ಆ ಬಟ್ಟೆಗಳ ನೆನಪಾದದ್ದು ನಿಮ್ಮ ಕೊನೆಯ ಪುಟದಿಂದ. ನಿಮ್ಮ ತಂಗಿಯ ಹಸಿರು ಇಳಕಲ್ ಸೀರೆಯ ತುಂಡನ್ನು ನೀವು ಹೊಲಿದ ಕೌದಿಯ ನಡುವೆ ಕೂಡಿಸಿದ್ದೀರಿ. ಆ ಸೀರೆ ಉಟ್ಟ ದಿನ ಅವಳು ತವರಿಗೆ ಓಡಿ ಬಂದದ್ದು, ಮೂರನೇ ದಿನ ನೀವೇ ಸಮಾಧಾನ ಹೇಳಿ ಗಂಡನ ಮನೆಗೆ ಬಿಟ್ಟುಬಂದದ್ದು, ಎಲ್ಲ ಬರೆದಿದ್ದೀರಿ. ‘ಇದನ್ನು ಯಾರಿಗೂ ಹೇಳಿರಲಿಲ್ಲ’ ಅಂದಿದ್ದೀರಿ.

ತಂಗಿಗೆ ಏನು ಸಿಕ್ಕಿತು? ಏನೂ ಇಲ್ಲ. ಅವಳು ಹೋಗಿ ಇಪ್ಪತ್ತು ವರ್ಷವಾಯಿತು. ಯಾವ ಕಲೆಯಾದರೂ ಅದನ್ನು ತಿದ್ದುತ್ತದೆ ಎಂದು ನಾನು ಇನ್ನು ಬರೆಯುವುದಿಲ್ಲ. ಆದರೆ ಅರವತ್ತೇಳನೇ ವಯಸ್ಸಿನಲ್ಲಿ ನೀವು ಕೂತು ಆ ತುಂಡನ್ನೇ ಆರಿಸಿದಿರಿ. ಅದೂ ಅಂಚಿಗಲ್ಲ, ನಡುವಿಗೆ. ‘ಅದು ಕಲೆಯಾ’ ಎಂಬ ನಿಮ್ಮ ಮೊದಲ ಪ್ರಶ್ನೆಗೆ ನನ್ನ ಬಳಿ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ.

ಪತ್ರ ಹಾಕಿ, ಹೆಸರು ಬೇಡ, ಕೌದಿಯ ಫೋಟೋನೂ ಬೇಡ ಎಂದಿದ್ದೀರಿ. ಹಾಗೇ ಮಾಡಿದ್ದೇವೆ.

ಸಂಪಾದಕ