ಹಿರಿಯ ಕಾಲೇಜು ಬ್ಯಾಸ್ಕೆಟ್‌ಬಾಲ್ ಕೋಚ್‌ಗಳು ಕೊನೆಕೊನೆಗೆ ಮಂಕಾಗೋದು ವಯಸ್ಸಿನಿಂದಲೇ?

ನೀವು ಕೇಳಿರೋದು ಎರಡು ಪ್ರಶ್ನೆ. ಅಮೆರಿಕದ ಸಿರಕ್ಯೂಸ್ ವಿಶ್ವವಿದ್ಯಾಲಯದ ತಂಡವನ್ನು 1976ರಿಂದ 2023ರವರೆಗೆ, 47 ಸೀಸನ್ ನಡೆಸಿದ ಜಿಮ್ ಬೇಹೈಮ್ ಕೊನೆಯ ವರ್ಷಗಳಲ್ಲಿ ಯಾಕೆ ಕುಸಿದರು, ವಯಸ್ಸೇ ಕಾರಣವಾ? ಇನ್ನೊಂದು, ಅವರ ಗೆಲುವು ಒಂದು ಕಡೆ 1,015, ಇನ್ನೊಂದು ಕಡೆ 1,116 ಅಂತ ಯಾಕಿದೆ?

ವಯಸ್ಸಿನ ಮೇಲೆ ಹಾಕಿಬಿಡೋದು ಸುಲಭ, ಆದರೆ ಲೆಕ್ಕ ಕೂಡಲ್ಲ. ಡ್ಯೂಕ್‌ನ ಕೋಚ್ ಮೈಕ್ ಶಿಷೆವ್ಸ್ಕಿ 2021ರಲ್ಲಿ 13-11 (13 ಗೆಲುವು, 11 ಸೋಲು) ಮಾಡಿ ಮಾರ್ಚ್‌ನ ರಾಷ್ಟ್ರೀಯ ಟೂರ್ನಮೆಂಟ್‌ಗೇ ಹೋಗಲಿಲ್ಲ. ಮುಂದಿನ ವರ್ಷ 75ನೇ ವಯಸ್ಸಿನಲ್ಲಿ ಅದರ ಫೈನಲ್ ಫೋರ್ (ಕೊನೆಯ ನಾಲ್ಕು) ಮುಟ್ಟಿ ನಿವೃತ್ತರಾದರು. ರಿಕ್ ಪಿಟಿನೋ 72ರಲ್ಲಿ ಸೇಂಟ್ ಜಾನ್ಸ್ ತಂಡವನ್ನು 31-5ಕ್ಕೆ ಒಯ್ದರು. ನಾನು ಮೊದಲು ನೋಡೋದು ಬೇರೆಯದನ್ನೇ: ಈ ಕೋಚ್‌ನ ಪದ್ಧತಿ ಒಬ್ಬ ಹುಡುಗನ ಮೈಗೂಡೋಕೆ ಎಷ್ಟು ವರ್ಷ ಬೇಕು?

ಕುಸಿತ ಯಾವಾಗ ಶುರುವಾಯಿತು ಅಂತ ತಿಳಿಯಬೇಕಾದರೆ ಒಟ್ಟು ಗೆಲುವು ನೋಡಬೇಡಿ. ನವೆಂಬರ್-ಡಿಸೆಂಬರ್‌ನಲ್ಲಿ ಸಣ್ಣಪುಟ್ಟ ಕಾಲೇಜುಗಳನ್ನು ಮನೆಗೆ ಕರೆಸಿ ಗೆದ್ದದ್ದೂ ಅದರಲ್ಲಿ ಸೇರಿರುತ್ತೆ. ಕಾನ್ಫರೆನ್ಸ್ (ತಂಡ ಸೇರಿರೋ ಲೀಗ್) ಪಂದ್ಯಗಳನ್ನು ಮಾತ್ರ ಬೇರೆ ತೆಗೆದು, ನಾಲ್ಕೈದು ವರ್ಷ ಒಟ್ಟಿಗಿಟ್ಟು ನೋಡಿ. ಸಿರಕ್ಯೂಸ್ ಎಸಿಸಿ ಅನ್ನೋ ಕಾನ್ಫರೆನ್ಸ್‌ಗೆ ಬಂದ ಮೊದಲ ವರ್ಷ, 2013-14ರಲ್ಲಿ, 14-4. ಅಲ್ಲಿಂದಾಚೆಗೆ ವರ್ಷವಾರು ಹೀಗಿದೆ: 9-9, 9-9, 10-8, 8-10, 10-8, 10-10, 9-7, 9-11, 10-10. ಕೂಡಿ ನೋಡಿದರೆ ಒಂಬತ್ತು ಸೀಸನ್‌ಗೆ 84 ಗೆಲುವು, 82 ಸೋಲು. ಜನ ಕುಸಿತ ಅಂತ ಮಾತಾಡೋದು 2021-22ರ 16-17ರಿಂದ, ಯಾಕಂದರೆ ಅದು ಬೇಹೈಮ್ ಅವರ ಮೊದಲ ಸೋಲಿನ ಸೀಸನ್. ಅಸಲಿಗೆ ಆ ಹೊತ್ತಿಗೆ ತಂಡ ಏಳು ವರ್ಷದಿಂದ ನಡುಮಟ್ಟದಲ್ಲೇ ನಿಂತಿತ್ತು. ಲೀಗ್ ಕಷ್ಟದ್ದು ಅನ್ನೋ ನೆಪವೂ ನಿಲ್ಲಲ್ಲ, ಅದೇ ಲೀಗ್‌ನಲ್ಲೇ 14-4 ಬಂದಿದ್ದು.

ಇದನ್ನು ಮುಚ್ಚಿಟ್ಟದ್ದು ಮಾರ್ಚ್ ತಿಂಗಳು. 2016ರಲ್ಲಿ 10ನೇ ಸೀಡ್ (ಶ್ರೇಯಾಂಕ) ಆಗಿ ಹೋಗಿ ಫೈನಲ್ ಫೋರ್. 2018 ಮತ್ತು 2021ರಲ್ಲಿ 11ನೇ ಸೀಡ್ ಆಗಿ ಕೊನೆಯ ಹದಿನಾರು. ಇದರಲ್ಲಿ ಪವಾಡ ಏನೂ ಇಲ್ಲ. ಬೇಹೈಮ್ ಆಡಿಸುತ್ತಿದ್ದುದು 2-3 ಜೋನ್, ಅಂದರೆ ಒಬ್ಬೊಬ್ಬ ಎದುರಾಳಿಯನ್ನಲ್ಲ, ಒಂದೊಂದು ಜಾಗವನ್ನು ಕಾಯೋ ರಕ್ಷಣೆ. ಕಾನ್ಫರೆನ್ಸ್ ತಂಡಗಳಿಗೆ ಅದು ವರ್ಷವರ್ಷ ನೋಡಿ ಬಾಯಿಪಾಠ. ಟೂರ್ನಮೆಂಟ್‌ನ ಎರಡನೇ ಪಂದ್ಯದ ಎದುರಾಳಿಗೆ ಸಿಗೋದು ನಡುವಿನ ಒಂದೇ ದಿನ; ಉದ್ದ ಕೈಯ ಐವರು ಹೀಗೆ ಗೋಡೆ ಕಟ್ಟೋದನ್ನು ಪ್ರಾಕ್ಟೀಸ್‌ನಲ್ಲಿ ನಕಲು ಮಾಡೋಕೆ ಆಗಲ್ಲ. (2018ರಲ್ಲಿ ಡ್ಯೂಕ್ ಕೂಡ ಜೋನ್‌ಗೇ ಇಳಿದಿತ್ತು. ಕೊನೆಯ ಹದಿನಾರರಲ್ಲಿ ಜೋನ್‌ಗೆ ಜೋನ್ ಎದುರಾಗಿ 69-65ಕ್ಕೆ ಡ್ಯೂಕ್ ಗೆದ್ದಿತು.)

ಈ ಜೋನ್ ಎಲ್ಲಿ ಕಿತ್ತುಹೋಗುತ್ತೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು, ಇಡೀ ಉತ್ತರ ಅಲ್ಲೇ ಇದೆ. ಮುಂದೆ ಇಬ್ಬರು ಗಾರ್ಡ್, ಹಿಂದೆ ಮೂವರು. ಚೆಂಡು ಒಂದು ಬದಿಯಿಂದ ಇನ್ನೊಂದು ಬದಿಗೆ ತಲೆ ಮೇಲಿಂದ ಹಾರಿ ಬಂದಾಗ, ಆ ಕಡೆಯ ಗಾರ್ಡ್ ಇನ್ನೂ ನಡುವಲ್ಲಿರುತ್ತಾನೆ. ಹಿಂದಿನ ಸಾಲಿನ ಫಾರ್ವರ್ಡ್ ಮುಂದೆ ನುಗ್ಗಿ ಶೂಟರನ್ನು ಒಂದು ಕ್ಷಣ ತಡೆದು, ಗಾರ್ಡ್ ಬಂದ ತಕ್ಷಣ ಮತ್ತೆ ತನ್ನ ಮೂಲೆಗೆ ಓಡಬೇಕು. ಅರ್ಧ ಹೆಜ್ಜೆ ತಡವಾದರೆ ಖಾಲಿ ಮೂರು ಪಾಯಿಂಟ್ ಶಾಟ್. ವಾಪಸ್ ಹೋಗೋದು ತಡವಾದರೆ ಬೇಸ್‌ಲೈನ್ ತೆರೆದ ಬಾಗಿಲು. ಚೆಂಡು ಫ್ರೀ ಥ್ರೋ ಗೆರೆಯ ನಡುವಿಗೆ ಬಂದರೆ ಸೆಂಟರ್‌ಗೆ ಸಂಕಟ: ಮುಂದೆ ಬಂದರೆ ಬೆನ್ನ ಹಿಂದೆ ಲಾಬ್ (ತಲೆ ಮೇಲಿಂದ ಎತ್ತಿ ಹಾಕೋ ಪಾಸ್), ನಿಂತಲ್ಲೇ ನಿಂತರೆ ಸಲೀಸು ಶಾಟ್. ಈ ಅಂದಾಜು ಬೋರ್ಡ್ ಮೇಲೆ ಗೀಚಿದರೆ ಬರಲ್ಲ. ಒಂದೆರಡು ವರ್ಷ ಬೆಂಚಿನಲ್ಲಿ ಕೂತು, ಪ್ರಾಕ್ಟೀಸ್‌ನಲ್ಲಿ ಬೈಸಿಕೊಂಡು ಬರೋದು.

ಆ ಎರಡು ವರ್ಷವೇ ಕೈ ತಪ್ಪಿದ್ದು. ಕಾಲೇಜು ಕ್ರೀಡೆ ನಡೆಸೋ ಎನ್‌ಸಿಎಎ ನಿಯಮ ಮುರಿದದ್ದಕ್ಕೆ 2015ರಲ್ಲಿ ಕೊಟ್ಟ ಶಿಕ್ಷೆಯಲ್ಲಿ ಸ್ಕಾಲರ್‌ಶಿಪ್ ಕಡಿತವಾಯಿತು, ಅಪೀಲಿನ ನಂತರ ನಾಲ್ಕು ವರ್ಷಕ್ಕೆ ಒಟ್ಟು 8. ಆಗ ತಂಡಕ್ಕಿದ್ದ ಹದಿಮೂರು ಸ್ಕಾಲರ್‌ಶಿಪ್‌ನಲ್ಲಿ ವರ್ಷಕ್ಕೆ ಎರಡು ಹೋದರೆ ಹೋಗೋದು ಸ್ಟಾರ್ ಅಲ್ಲ, ಬೆಂಚಿನಲ್ಲಿ ಹದವಾಗಬೇಕಿದ್ದ ಹಸಿ ಹುಡುಗ. 2019-20ರಲ್ಲಿ ಮೂರು ಪಾಯಿಂಟ್ ಗೆರೆ 20 ಅಡಿ 9 ಇಂಚಿನಿಂದ 22 ಅಡಿ 1¾ ಇಂಚಿಗೆ ಹಿಂದೆ ಸರಿಯಿತು. ಅದೇ ಇಬ್ಬರು ಗಾರ್ಡ್ ಇನ್ನೂ ಅಗಲದ ಜಾಗ ಕಾಯಬೇಕಾಯಿತು. 2018ರ ಅಕ್ಟೋಬರ್‌ನಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ (ಕಾಲೇಜು ಬದಲಿಸಬೇಕು ಅನ್ನೋ ಆಟಗಾರರ ಹೆಸರಿನ ಪಟ್ಟಿ) ಬಂತು. 2021ರಲ್ಲಿ ಒಂದು ವರ್ಷ ಹೊರಗೆ ಕೂರದೆ ಕಾಲೇಜು ಬದಲಿಸಬಹುದು ಅಂತಾಯಿತು, ಅದೇ ಜುಲೈನಿಂದ ಆಟಗಾರರು ಹೆಸರು-ಮುಖದ ಮೇಲೆ ದುಡ್ಡು ಸಂಪಾದಿಸೋಕೂ ಅವಕಾಶ ಸಿಕ್ಕಿತು. ಐಪಿಎಲ್‌ನಲ್ಲಿ ರಿಟೆನ್ಷನ್ನೇ ಇಲ್ಲದೆ ವರ್ಷವರ್ಷ ಮೆಗಾ ಹರಾಜು ನಡೆದರೆ ಹೇಗಿರುತ್ತೆ ಯೋಚಿಸಿ. ಪಿಟಿನೋ ಥರದವರು ಪ್ರತಿ ಬೇಸಿಗೆಗೆ ತಂಡ ಬಿಚ್ಚಿ ಕಟ್ಟಬಲ್ಲರು. ಶಿಷೆವ್ಸ್ಕಿ ಅದಕ್ಕೂ ಮೊದಲೇ ಒಂದೇ ವರ್ಷ ಆಡಿ ಎನ್‌ಬಿಎಗೆ ಹೋಗೋ ಹುಡುಗರಿಗೆ ಒಗ್ಗಿಕೊಂಡು 2015ರಲ್ಲಿ, 68ನೇ ವಯಸ್ಸಿನಲ್ಲಿ, ಐದನೇ ಚಾಂಪಿಯನ್‌ಶಿಪ್ ಗೆದ್ದಿದ್ದರು.

ವಯಸ್ಸು ನಿಜವಾಗಿ ಹೊಡೆಯೋ ಜಾಗ ಒಂದಿದೆ: ಉತ್ತರಾಧಿಕಾರಿ. 2015ರಲ್ಲೇ ಸಹಾಯಕ ಮೈಕ್ ಹಾಪ್ಕಿನ್ಸ್ ಮುಂದಿನ ಕೋಚ್ ಅಂತ ಘೋಷಣೆಯಾಗಿತ್ತು, 2018ಕ್ಕೆ ಬೇಹೈಮ್ ಬಿಡಬೇಕಿತ್ತು. ಹಾಪ್ಕಿನ್ಸ್ 2017ರ ಮಾರ್ಚ್‌ನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಹೊರಟುಹೋದರು, ಬೇಹೈಮ್ ಉಳಿದರು. ನನ್ನ ಪ್ರಕಾರ ದೊಡ್ಡ ತಪ್ಪು ಅದೇ. ಕೋಚ್ ಇನ್ನೆಷ್ಟು ದಿನ ಇರುತ್ತಾರೋ ಅನ್ನೋ ಅನುಮಾನವನ್ನೇ ಎದುರು ತಂಡದವರು, ತಮ್ಮ ಕಾಲೇಜಿಗೆ ಸೆಳೆಯೋಕೆ, ಹದಿನೇಳರ ಹುಡುಗನ ಮನೆಯಲ್ಲಿ ಕೂತು ಬಿತ್ತುತ್ತಾರೆ. ಡ್ಯೂಕ್ 2021ರ ಜೂನ್‌ನಲ್ಲಿ ಶಿಷೆವ್ಸ್ಕಿ ನಿವೃತ್ತಿ ಮತ್ತು ಉತ್ತರಾಧಿಕಾರಿ ಜಾನ್ ಶೈಯರ್ ಹೆಸರು ಒಟ್ಟಿಗೇ ಹೇಳಿ ಆ ಬಾಯಿ ಮುಚ್ಚಿಸಿತು. ಹಾಗಂತ ಒಳ್ಳೆ ಕಾಲದಲ್ಲಿ ಬಿಟ್ಟರೆ ಮುಂದಿನವರಿಗೆ ಸುಖ ಅಂತೇನಿಲ್ಲ. ಜಾನ್ ವುಡನ್ 1975ರಲ್ಲಿ ಹತ್ತನೇ ಚಾಂಪಿಯನ್‌ಶಿಪ್ ಗೆದ್ದು ಯುಸಿಎಲ್‌ಎ ಬಿಟ್ಟರು; ನಂತರ ಬಂದ ಜೀನ್ ಬಾರ್ಟೋ 52-9 ಮಾಡಿಯೂ ಎರಡೇ ವರ್ಷಕ್ಕೆ ಹೊರಟುಬಿಟ್ಟರು.

ಇನ್ನು ಆ ಎರಡು ಸಂಖ್ಯೆ. ಅಂಕಣದಲ್ಲಿ ಗೆದ್ದದ್ದು 1,116. ಅದೇ 2015ರ ಶಿಕ್ಷೆಯಲ್ಲಿ 101 ಗೆಲುವು ಅಳಿಸಿದ್ದರಿಂದ ಅಧಿಕೃತ ದಾಖಲೆ 1,015. ಅಳಿಸೋದು ಬೇರೆ, ಎದುರಾಳಿಗೆ ಬಿಟ್ಟುಕೊಡೋದು ಬೇರೆ: ಇಲ್ಲಿ ಗೆಲುವು ಹೋಗುತ್ತೆ, ಆದರೆ ಸೋತ ತಂಡಕ್ಕೆ ಅದು ಸಿಗಲ್ಲ, ಅವರ ಸೋಲು ಹಾಗೇ ಇರುತ್ತೆ. ಅದಕ್ಕೇ ಎರಡೂ ಲೆಕ್ಕದಲ್ಲಿ ಬೇಹೈಮ್ ಅವರ ಸೋಲು 441. ಅಳಿಸಿದ ಸೀಸನ್‌ಗಳು 2004-05ರ ಈಚಿನವು, ಹಾಗಾಗಿ ಆಟಗಾರ ಕಾರ್ಮೆಲೋ ಆಂಥನಿ ಇದ್ದ ಸಿರಕ್ಯೂಸ್‌ನ 2003ರ ಚಾಂಪಿಯನ್‌ಶಿಪ್‌ಗೆ ಏನೂ ಆಗಿಲ್ಲ. ಶಿಷೆವ್ಸ್ಕಿಯ 1,202 ಗೆಲುವಿನ ಪಕ್ಕ ಇಟ್ಟು ಹೋಲಿಸೋದಾದರೆ ಎರಡರಲ್ಲಿ ಯಾವುದನ್ನು ಬಳಸಿದ್ದೀರಿ ಅಂತ ಜೊತೆಗೇ ಬರೆದುಬಿಡಿ, ಇಲ್ಲಾಂದರೆ ಕಾಮೆಂಟ್‌ನಲ್ಲಿ ಜಗಳ ಗ್ಯಾರಂಟಿ.