ಪಿ.ಎಫ್. ತೆಗೆದಾಯಿತು, ಪೆನ್ಷನ್ ಎಲ್ಲಿ ಹೋಯಿತು?

ಕುಣಿಗಲ್ ಕಡೆಯ ಸೋದರಿಯವರಿಗೆ,

ನಿಮ್ಮ ಕಾಗದ ಸೇರಿತು. 1998ರಿಂದ 2009ರವರೆಗೆ ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಹನ್ನೊಂದು ವರ್ಷ ಟೈಲರ್ ಆಗಿದ್ದಿರಿ. ಅತ್ತೆಗೆ ಹುಷಾರು ತಪ್ಪಿದಾಗ ಕೆಲಸ ಬಿಟ್ಟು ಊರಿಗೆ ಬಂದಿರಿ. ಮರುವರ್ಷ ಪಿ.ಎಫ್. ದುಡ್ಡು ಬಂತು, ಮನೆಗೆ ತಾರಸಿ ಹಾಕಿಸಿದಿರಿ. ಆ ಫ್ಯಾಕ್ಟರಿ ಈಗ ಮುಚ್ಚಿದೆ, ನಿಮಗೆ 59 ನಡೆಯುತ್ತಿದೆ. ಅದೇ ಲೈನಿನಲ್ಲಿ ಹೊಲಿಯುತ್ತಿದ್ದ ಗೆಳತಿಗೆ ತಿಂಗಳು ತಿಂಗಳು ಪೆನ್ಷನ್ ಬರುತ್ತಿದೆಯೆಂದು ಮದುವೆಮನೆಯಲ್ಲಿ ಗೊತ್ತಾಗಿದೆ. ‘ಎಲ್ಲಾ ತಗೊಂಡ್ಮೇಲೆ ಇನ್ನೇನಮ್ಮ ಇರುತ್ತೆ?’ ಎಂದು ಮಗ ನಕ್ಕನೆಂದು ಬರೆದಿದ್ದೀರಿ.

ಇರುತ್ತದೆ. ನಿಮ್ಮ ಸಂಬಳದಲ್ಲಿ ನೂರಕ್ಕೆ 12 ರೂಪಾಯಿ ಹಿಡಿಯುತ್ತಿದ್ದರು, ಕಂಪನಿಯೂ ಅಷ್ಟೇ ಹಾಕಬೇಕಿತ್ತು. ಆದರೆ ಕಂಪನಿ ಹಾಕಿದ 12ರಲ್ಲಿ 8.33 ಪಿ.ಎಫ್.ಗೆ ಹೋಗುವುದೇ ಇಲ್ಲ, 1995ರ ನವೆಂಬರಿನಲ್ಲಿ ಶುರುವಾದ ನೌಕರರ ಪಿಂಚಣಿ ಯೋಜನೆಗೆ ಹೋಗುತ್ತದೆ. ಎರಡಕ್ಕೂ ಫಾರಂ ಬೇರೆ ಬೇರೆ. ಪಿ.ಎಫ್. ತೆಗೆಯುವುದು 19ನೇ ನಂಬರಿನ ಫಾರಂನಲ್ಲಿ. ಪೆನ್ಷನ್ ಹಣವನ್ನು ಒಟ್ಟಿಗೇ ವಾಪಸ್ ಪಡೆಯುವುದು 10ಸಿ ಫಾರಂನಲ್ಲಿ, ಅದೂ ಸರ್ವೀಸು ಹತ್ತು ವರ್ಷಕ್ಕಿಂತ ಕಡಿಮೆ ಇದ್ದವರಿಗೆ ಮಾತ್ರ. ಹತ್ತು ತುಂಬಿದವರು ಕೇಳಿದರೂ ಆ ಹಣ ಇಡಿಯಾಗಿ ಸಿಗುವುದಿಲ್ಲ, ತಿಂಗಳ ಪೆನ್ಷನ್ನೇ ಗತಿ. ಒಂಬತ್ತೂವರೆ ವರ್ಷವಾಗಿದ್ದರೂ ಹತ್ತೆಂದೇ ಲೆಕ್ಕ. ನಿಮ್ಮದು ಹನ್ನೊಂದು. ಅಂದರೆ ತಾರಸಿಗೆ ಹಾಕಿದ್ದು ಪಿ.ಎಫ್. ಹಣ, ಪೆನ್ಷನ್ ಹಾಗೇ ಕೂತಿದೆ.

ಆದರೂ ಒಂದು ಅನುಮಾನ ಬಗೆಹರಿಸಿಕೊಳ್ಳಬೇಕು. ಗಾರ್ಮೆಂಟ್ಸ್‌ಗಳಲ್ಲಿ ಐದು ವರ್ಷ ತುಂಬಿದರೆ ಗ್ರಾಚುಟಿ (ಕೆಲಸ ಬಿಡುವಾಗ ಕಂಪನಿ ಕೊಡುವ ಇಡುಗಂಟು) ಕೊಡಬೇಕಾಗುತ್ತದೆಂದು, ಅದಕ್ಕೆ ಮುಂಚೆಯೇ ರಾಜೀನಾಮೆ ಬರೆಸಿಕೊಂಡು, ಹದಿನೈದು ದಿನ ಮನೆಯಲ್ಲಿ ಕೂರಿಸಿ, ಹೊಸಬರೆಂದು ಮತ್ತೆ ಸೇರಿಸಿಕೊಳ್ಳುವ ಆಟ ನಡೆಯುತ್ತಿತ್ತು. ನೀವು ಕೂತದ್ದು ಅದೇ ಮಿಷಿನ್ನು, ಬೈಸಿಕೊಂಡದ್ದು ಅದೇ ಸೂಪರ್‌ವೈಸರ್ ಹತ್ತಿರ, ಆದರೆ ಪಿ.ಎಫ್. ನಂಬರು ಮಾತ್ರ ಎರಡು! ಹೀಗಾಗಿದ್ದು, ಮೊದಲನೇ ನಂಬರಿನಲ್ಲಿ 10ಸಿ ಹಾಕಿಸಿ ದುಡ್ಡು ಕೊಡಿಸಿದ್ದರೆ ಅಷ್ಟು ವರ್ಷದ ಸರ್ವೀಸು ಅಲ್ಲಿಗೇ ಮುಗಿದಂತೆ. ಹಾಗೆ ತೆಗೆದಿಲ್ಲದಿದ್ದರೆ ಎರಡೂ ನಂಬರಿನ ವರ್ಷಗಳನ್ನು ಕೂಡಿಸಿಕೊಳ್ಳಬಹುದು. ಹಳೆಯ ಬ್ಯಾಂಕ್ ಪಾಸ್‌ಬುಕ್ ಹುಡುಕಿ ನೋಡಿ. ಪಿ.ಎಫ್. ಕಚೇರಿಯಿಂದ ಒಂದೇ ಮೊತ್ತ ಜಮಾ ಆಗಿದ್ದರೆ ಬಹುಮಟ್ಟಿಗೆ ಅದು ಪಿ.ಎಫ್. ಹಣವೇ. ಆಸುಪಾಸಿನ ತಾರೀಕಿನಲ್ಲಿ ದೊಡ್ಡದೊಂದು, ಚಿಕ್ಕದೊಂದು ಹೀಗೆ ಎರಡು ಜಮಾ ಇದ್ದರೆ ಚಿಕ್ಕದು 10ಸಿಯದಿರಬಹುದು, ಕಚೇರಿಯಲ್ಲಿ ವಿಚಾರಿಸಿ. ಉಳಿದ ಸರ್ವೀಸು ಹತ್ತಕ್ಕೆ ಮುಟ್ಟದಿದ್ದರೆ ತಿಂಗಳ ಪೆನ್ಷನ್ ಇಲ್ಲ, ಉಳಿದದ್ದನ್ನು ಒಟ್ಟಿಗೆ ತೆಗೆದುಕೊಳ್ಳುವುದಷ್ಟೇ.

ಎಷ್ಟು ಬರುತ್ತದೆ ಎಂದು ಕೇಳಿದ್ದೀರಿ. ಕೊನೆಯ ವರ್ಷ ಬೇಸಿಕ್, ಡಿ.ಎ. ಸೇರಿ ತಿಂಗಳಿಗೆ 3,500 ಇತ್ತು ಎಂದಿದ್ದೀರಿ. ಅದನ್ನು ಸರ್ವೀಸಿನ ವರ್ಷ 11ರಿಂದ ಗುಣಿಸಿ, ಯೋಜನೆಯ ಸೂತ್ರದಂತೆ 70ರಿಂದ ಭಾಗಿಸಿದರೆ 550 ರೂಪಾಯಿ. 2014ರ ಸೆಪ್ಟೆಂಬರಿನಿಂದ ಕನಿಷ್ಠ ಪೆನ್ಷನ್ 1,000 ಎಂದಾಗಿರುವುದರಿಂದ ನಿಮಗೆ ಸಾವಿರ ಬರಬೇಕು. ಹನ್ನೊಂದು ವರ್ಷ ಕತ್ತು ಬಗ್ಗಿಸಿ ಹೊಲಿದವರಿಗೆ ಸಾವಿರ ರೂಪಾಯಿ ಎಂದು ಬರೆಯಲು ನನಗೇ ಮುಜುಗರ. ಅಷ್ಟು ವರ್ಷದಿಂದ ಆ ಮೊತ್ತ ಕದಲಿಲ್ಲ. ಆದರೆ 58 ತುಂಬಿದ ಮರುದಿನದಿಂದಲೇ ನಿಮ್ಮ ಲೆಕ್ಕ ಶುರು, ಹಿಂದಿನ ತಿಂಗಳುಗಳದ್ದೂ ಸೇರಿ ಬರುತ್ತದೆ. ಮುಂದೆ ನಿಮ್ಮವರು ಒಬ್ಬರೇ ಉಳಿದರೆ ಅವರಿಗೂ ತಿಂಗಳಿಗೆ ಕನಿಷ್ಠ ಸಾವಿರ ಸಲ್ಲುತ್ತದೆ. ಓಡಾಡುವುದು ಬೇಡವೆನ್ನುವ ಮಗನಿಗೆ ಈ ಕೊನೆಯ ಮಾತು ಹೇಳಿ.

2016ರ ಏಪ್ರಿಲ್ ನಿಮಗೆ ನೆನಪಿರಬಹುದು. ಕಂಪನಿ ಪಾಲಿನ ಪಿ.ಎಫ್. 58ರವರೆಗೆ ಕೈಗೆ ಕೊಡುವುದಿಲ್ಲವೆಂಬ ನಿಯಮ ಬಂದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಜನ ಹೊಸೂರು ರಸ್ತೆಗಿಳಿದರು, ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ನಿಯಮ ಹಿಂದಕ್ಕೆ ತೆಗೆದುಕೊಂಡಿತು. ಪಿ.ಎಫ್. ವಿಷಯದಲ್ಲಿ ಅಷ್ಟು ಎಚ್ಚರ ಇದ್ದವರಿಗೂ ಪೆನ್ಷನ್ ಬೇರೆಯೇ ಒಂದಿದೆಯೆಂದು ಫ್ಯಾಕ್ಟರಿಯಲ್ಲಿ ಯಾರೂ ಬಿಡಿಸಿ ಹೇಳಲಿಲ್ಲ.

ಇನ್ನು ನಿಮ್ಮ ನಂಬರಿನ ವಿಚಾರ. ನೀವು ಕೆಲಸ ಬಿಟ್ಟದ್ದು ಯು.ಎ.ಎನ್. (ಕಂಪನಿ ಬದಲಾದರೂ ಬದಲಾಗದ ಪಿ.ಎಫ್. ನಂಬರು) ಬರುವುದಕ್ಕೆ ಮುಂಚೆ, ಆದ್ದರಿಂದ ಮೊಬೈಲಿನಲ್ಲಿ ಒತ್ತಿದರೆ ಏನೂ ಸಿಗುವುದಿಲ್ಲ. ಸಂಬಳ ಚೀಟಿ ಗೆದ್ದಲು ತಿಂದಿತು ಎಂದಿರಿ, ಪರವಾಗಿಲ್ಲ. ಮದುವೆಮನೆಯ ಗೆಳತಿಯ ಪಿ.ಎಫ್. ನಂಬರು ಬರೆದುಕೊಳ್ಳಿ. ಒಂದೇ ಫ್ಯಾಕ್ಟರಿಯವರಿಗೆಲ್ಲ ಆ ನಂಬರಿನ ಮುಂದಿನ ಭಾಗ ಒಂದೇ, ಕೊನೆಯ ಅಂಕಿ ಮಾತ್ರ ಅವರವರದು. ಆ ಭಾಗ, ನಿಮ್ಮ ಹೆಸರು, ಸೇರಿದ ಮತ್ತು ಬಿಟ್ಟ ವರ್ಷ ಇಷ್ಟು ಕೊಟ್ಟರೆ ಪೀಣ್ಯದ ಪಿ.ಎಫ್. ಕಚೇರಿಯವರು ಹುಡುಕಬಹುದು. ಕೇಳಬೇಕಾದ್ದು ತಿಂಗಳ ಪೆನ್ಷನ್ನಿಗೆ ಅರ್ಜಿ ಹಾಕುವ 10ಡಿ ಫಾರಂ. ಆಧಾರ್, ಪಾಸ್‌ಬುಕ್, ನಿಮ್ಮಿಬ್ಬರ ಜೋಡಿ ಫೋಟೊ ಇಟ್ಟುಕೊಂಡು ಹೋಗಿ. ಫ್ಯಾಕ್ಟರಿಯಲ್ಲಿ ಅಪ್ಪನ ಇನಿಷಿಯಲ್, ಆಧಾರ್‌ನಲ್ಲಿ ಗಂಡನ ಹೆಸರು ಎಂದು ಹೆದರಿದ್ದೀರಿ. ಅದಕ್ಕೆ ಜಂಟಿ ಘೋಷಣೆಯೆಂಬ ತಿದ್ದುಪಡಿ ಅರ್ಜಿ ಇದೆ. ಕಂಪನಿಯವರ ಸಹಿ ಬೇಕೆಂದರೆ ಮುಚ್ಚಿದ ಕಂಪನಿಯ ಬದಲು ಬ್ಯಾಂಕ್ ಮ್ಯಾನೇಜರ್ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ನಡೆಯುತ್ತದೆ.

ಕೌಂಟರಿನಲ್ಲಿ ‘ಕ್ಲೋಸ್ ಆಗಿದೆ’ ಎಂದರೆ ಎದ್ದು ಬರಬೇಡಿ. ಪಿ.ಎಫ್. ಕ್ಲೋಸೋ, 10ಸಿ ಕೂಡ ಆಗಿದೆಯೋ ಎಂದು ಕೇಳಿ, ಆಗಿದೆಯೆಂದರೆ ಯಾವ ತಾರೀಕಿನಲ್ಲಿ ಎಂದು ಬರೆಸಿಕೊಳ್ಳಿ. ಪ್ರತಿ ತಿಂಗಳು 27ರಂದು ಜಿಲ್ಲೆಗಳಲ್ಲಿ ‘ನಿಧಿ ಆಪ್ಕೆ ನಿಕಟ್’ ಎಂಬ ಪಿ.ಎಫ್. ಕಚೇರಿಯವರ ಶಿಬಿರ ನಡೆಯುತ್ತದೆ, ತುಮಕೂರಿನದು ನಿಮಗೆ ಹತ್ತಿರ. ಕಚೇರಿ ಹೊರಗೆ ಫಾರಂ ತುಂಬಿಕೊಡುತ್ತೇವೆಂದು ಪರ್ಸೆಂಟೇಜ್ ಕೇಳುವವರಿಗೆ ಒಂದು ಕಾಸೂ ಕೊಡಬೇಡಿ, ಈ ಅರ್ಜಿಗೆ ಫೀಸು ಇಲ್ಲ. 2025ರ ಜನವರಿಯಿಂದ ಯಾವ ಬ್ಯಾಂಕಿನ ಯಾವ ಶಾಖೆಗಾದರೂ ಪೆನ್ಷನ್ ಬರುತ್ತದೆ, ನಿಮ್ಮೂರಿನ ಖಾತೆಯೇ ಸಾಕು. ಶುರುವಾದ ಮೇಲೆ ವರ್ಷಕ್ಕೊಮ್ಮೆ ಜೀವನ ಪ್ರಮಾಣ ಪತ್ರ ಮಾಡಿಸಬೇಕು, ತಪ್ಪಿದರೆ ನಿಂತುಹೋಗುತ್ತದೆ.

— ಸಂಪಾದಕ