ಮನೆಯಲ್ಲೇ ತರಕಾರಿ ಜ್ಯೂಸ್ ಮಾಡಲು ಜ್ಯೂಸರ್ ಬೇಕೇ ಬೇಕಾ? ಸೋಸಬೇಕಾ?

ಜ್ಯೂಸರ್ ಬೇಡ, ಮಿಕ್ಸಿ ಸಾಕು. ಎರಡು ಕ್ಯಾರೆಟ್, ಕಾಲು ಭಾಗ ಬೀಟ್‌ರೂಟ್, ಚೂರು ಶುಂಠಿ ಹೆಚ್ಚಿ, ನೀರು ಹಾಕಿ ನುಣ್ಣಗೆ ರುಬ್ಬಿ. ಕೊನೆಗೆ ನಿಂಬೆಹಣ್ಣು ಹಿಂಡಿ.

ಸೋಸಿದರೆ ಹೆಚ್ಚಿನ ನಾರು ಜರಡಿಯಲ್ಲೇ ಉಳಿಯುತ್ತದೆ, ಹಾಗಾಗಿ ನಾನು ಸೋಸುವುದಿಲ್ಲ. ತರಿತರಿ ಅನ್ನಿಸಿದರೆ ಇನ್ನಷ್ಟು ನೀರು ಬೆರೆಸಿ. ಕಿತ್ತಳೆ, ಮೂಸಂಬಿಯನ್ನಂತೂ ಸುಮ್ನೆ ಬಿಡಿಸಿ ತಿನ್ನುವುದೇ ಮೇಲು. ಶುಗರ್ ಇದ್ದವರಿಗೆ ಇದು ಇನ್ನೂ ಮುಖ್ಯ.

ಬೀಟ್‌ರೂಟ್ ಕುಡಿದ ಮೇಲೆ ಮೂತ್ರ ಕೆಂಪಗಾದರೆ ಗಾಬರಿ ಬೇಡ. ನಿಜವಾಗಿ ಹುಷಾರಾಗಿರಬೇಕಾದ್ದು ಸೋರೆಕಾಯಿ ಜ್ಯೂಸ್ ಬಗ್ಗೆ. ಕಹಿ ಅಂದ್ರೆ ಒಳ್ಳೇದು ಅನ್ನೋದು ಹಾಗಲಕಾಯಿಗೆ ಸರಿ, ಇದಕ್ಕಲ್ಲ. ಕಹಿ ಸೋರೆಕಾಯಿಯಲ್ಲಿ ಕುಕುರ್ಬಿಟಾಸಿನ್ ಎಂಬ ವಿಷ ಇರುತ್ತದೆ. ವಾಂತಿ, ರಕ್ತಭೇದಿ ಆಗಿ ಜೀವ ಹೋದದ್ದೂ ಉಂಟು. ರುಬ್ಬುವ ಮೊದಲು ಒಂದು ಚೂರು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿ ಇದ್ದರೆ ಉಗುಳಿ, ಇಡೀ ಕಾಯಿ ಎಸೆಯಿರಿ.